ಮಾವನ ಪಾಕ, ಮಗಳ ಸೇಬು

ನಮ್ಮ ಅಡುಗೆಮನೆಯಲ್ಲಿ ಒಂದು ಡ್ರಾಯರ್ ಇದೆ. ಕತ್ತರಿ ಹುಡುಕಲು ಹೋದರೆ ಕತ್ತರಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಅದರಲ್ಲಿ ಸಿಗುತ್ತದೆ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದೇ ಇರಬೇಕು, ಇಲ್ಲವೆಂದರೆ ನಾನು ನಂಬುವವಳಲ್ಲ. ಮೊನ್ನೆ ಅದರೊಳಗೆ ಕೈಯಾಡಿಸುವಾಗ ಬೆರಳಿಗೆ ಏನೋ ಅಂಟಿತು. ಎಳೆದು ನೋಡಿದರೆ ಮಾವನ ದಾರದ ಉಂಡೆ. ಉಂಡೆಗೆ ಕಚ್ಚಿಕೊಂಡು ಒಂದು ಬಿದಿರಿನ ಕಡ್ಡಿ. ಕಡ್ಡಿಯ ತುದಿಯಲ್ಲಿ ಕೆಂಪು ಸಕ್ಕರೆಯ ಒಂದು ಹನಿ, ಒಡೆದ ಬಳೆಚೂರಿನ ಹಾಗೆ. ಅದರ ಸುತ್ತ ಎರಡು ಇರುವೆಗಳು ಭಕ್ತಿಯಿಂದ ಪ್ರದಕ್ಷಿಣೆ ಹಾಕುತ್ತಿದ್ದವು. ಕತ್ತರಿ ಮರೆತು ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ಮಾವ ಎಂದರೆ ನನ್ನ ಗಂಡನ ತಂದೆ. ಉಡುಪಿ ಕಡೆಯವರು, ಎಂಬತ್ತರ ಹತ್ತಿರ ಬಂದಿದ್ದಾರೆ. ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ನಮ್ಮ ಮೂರನೇ ಮಹಡಿಯ ಮನೆಯಲ್ಲಿ ನಮ್ಮ ಜತೆಗೇ ಇದ್ದಾರೆ. ಮನೆಗೆ ಬಂದ ಯಾವ ಪೊಟ್ಟಣದ ದಾರವನ್ನೂ ಅವರು ಎಸೆಯಲು ಬಿಡುವುದಿಲ್ಲ. ಹೂವಿನ ಕಟ್ಟಿನ ದಾರ, ಮಿಠಾಯಿ ಡಬ್ಬದ ದಾರ, ಹೊಸ ಶರ್ಟಿನ ಪ್ಯಾಕಿನ ದಾರ, ಎಲ್ಲವನ್ನೂ ಬಿಡಿಸಿ, ಗಂಟು ಸರಿಪಡಿಸಿ ಉಂಡೆಗೆ ಸುತ್ತುತ್ತಾರೆ. ನಾನು ಅದನ್ನು ಜಿಪುಣತನವೆಂದು ಇಪ್ಪತ್ತೆರಡು ವರ್ಷ ನಂಬಿದ್ದೆ. ಸೊಸೆಯಂದಿರು ಇಂಥದ್ದನ್ನೆಲ್ಲ ಬೇಗ ನಂಬುತ್ತಾರೆ.

ಇನ್ನೊಂದನ್ನೂ ನಂಬಿದ್ದೆ. ಮಾವ ಥಾಣೆಯ ನೌಪಾಡಾದ ಒಂದು ಹೋಟೆಲಿನಲ್ಲಿ ಜೀವಮಾನವಿಡೀ ಮಿಠಾಯಿ ಮಾಸ್ಟರ್ ಆಗಿದ್ದವರು ಎಂಬುದನ್ನು. ಇದು ನಮ್ಮ ಮನೆಯಲ್ಲಿ ಗೋತ್ರವಿದ್ದ ಹಾಗೆ, ಯಾರೂ ಪುರಾವೆ ಕೇಳಿದ್ದಿಲ್ಲ. ಆದರೆ ಮಾಸ್ಟರು ಮನೆಯಲ್ಲಿ ಸೌಟು ಮುಟ್ಟುತ್ತಿರಲಿಲ್ಲ. ಕ್ಷೌರಿಕ ತನ್ನ ಕೂದಲು ತಾನೇ ಕತ್ತರಿಸಿಕೊಳ್ಳುತ್ತಾನೆಯೇ ಎಂದು ನನ್ನ ಗಂಡ ಸಮಾಧಾನ ಹೇಳುತ್ತಿದ್ದರು. ನಾನು ಹಬ್ಬಕ್ಕೆ ಸಿಹಿ ಮಾಡಲು ನಿಂತರೆ ಮಾವ ಅಡುಗೆಮನೆಯ ಬಾಗಿಲಿಗೆ ಬಂದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಿದ್ದರು. ಮೈಸೂರುಪಾಕ್ ತಟ್ಟೆಗೆ ಬೀಳುವ ಹೊತ್ತಿಗೆ ಸರಿಯಾಗಿ ತೀರ್ಪು ಬರುತ್ತಿತ್ತು.

"ಪಾಕ ಒಂದು ಗಳಿಗೆ ಏರಿತು."

ಮುಂದಿನ ಸಲ ಹೆದರಿ ಬೇಗ ಇಳಿಸಿದರೆ, "ಒಂದು ಗಳಿಗೆ ಮೊದಲೇ ಇಳಿಸಿದೆ."

ಮದುವೆಯಾದ ಮೊದಲ ದೀಪಾವಳಿಯಲ್ಲಿ ಈ ಮಾತಿಗೆ ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟು ಅತ್ತಿದ್ದೇನೆ. ಆಮೇಲಾಮೇಲೆ ಅಳುವುದನ್ನು ಬಿಟ್ಟು ಹುಡುಕತೊಡಗಿದೆ. ಆ ಎರಡು ಗಳಿಗೆಗಳ ನಡುವೆ ಸರಿಯಾದ ಒಂದು ಗಳಿಗೆ ಇರಲೇಬೇಕಲ್ಲ? ಇಪ್ಪತ್ತೆರಡು ದೀಪಾವಳಿ ಹುಡುಕಿದೆ. ಕಲ್ಯಾಣದಲ್ಲಿ ಹತ್ತು ನಿಮಿಷ ತಡವಾಗಿ ಬರುವ ಲೋಕಲ್ ರೈಲಾದರೂ ಕೊನೆಗೆ ಬರುತ್ತದೆ. ನನ್ನ ಗಳಿಗೆ ಬರಲೇ ಇಲ್ಲ.

ಗಳಿಗೆ ಎಂದಾಗ ನನ್ನ ಮಗಳು ಮೈತ್ರಿ ನಗುತ್ತಾಳೆ. ಅವಳ ತಪ್ಪಲ್ಲ. ನಾನು ಹುಟ್ಟಿ ಬೆಳೆದದ್ದು ಕಲ್ಯಾಣದ ಒಂದು ಸಾಲುಕೋಣೆಗಳ ಚಾಳಿನಲ್ಲಿ, ಶಾಲೆ ಕಲಿತದ್ದು ಮರಾಠಿಯಲ್ಲಿ. ಕನ್ನಡದ ಅಕ್ಷರವನ್ನೂ ಮಾತನ್ನೂ ಕಲಿತದ್ದು ಅಜ್ಜಿಯಿಂದ ಮತ್ತು ಅಜ್ಜಿಯ ಜತೆ ಗ್ಯಾಲರಿಯಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದ ನಾಲ್ಕು ಮುದುಕಿಯರಿಂದ. ಹಾಗಾಗಿ ಹತ್ತು ವರ್ಷದವಳಿದ್ದಾಗಲೇ ನಾನು ಎಪ್ಪತ್ತು ವರ್ಷದವರ ಕನ್ನಡ ಆಡುತ್ತಿದ್ದೆ. "ಸೊಂಟ ಬಿದ್ದು ಹೋಯ್ತು ಕಾಣು" ಎಂದು ಶಾಲೆಯ ಚೀಲ ಇಳಿಸುತ್ತಿದ್ದವಳು ನಾನು.

ಸಕ್ಕರೆಯ ಜತೆ ನನ್ನ ಮೊದಲ ಜಗಳವೂ ಆ ಚಾಳಿನ ಕಾಲದ್ದೇ. ಶಾಲೆಯ ಗೇಟಿನ ಹತ್ತಿರ ಒಬ್ಬ ಮಿಠಾಯಿಯವನು ನಿಲ್ಲುತ್ತಿದ್ದ. ಉದ್ದ ಬಿದಿರಿನ ಕೋಲಿನ ತುದಿಗೆ ಗುಲಾಬಿ, ಬಿಳಿ ಪಟ್ಟೆಯ ಅಂಟು ಮಿಠಾಯಿ ಸುತ್ತಿರುತ್ತಿತ್ತು. ಅದರಿಂದ ಚೂರು ಎಳೆದು ಕ್ಷಣದಲ್ಲಿ ನವಿಲು ಮಾಡುತ್ತಿದ್ದ, ಸೈಕಲ್ ಮಾಡುತ್ತಿದ್ದ, ಮಣಿಕಟ್ಟಿಗೆ ವಾಚು ಕಟ್ಟುತ್ತಿದ್ದ. ನಾನು ಯಾವಾಗಲೂ ವಾಚು. ಉಳಿದ ಮಕ್ಕಳು ಗೇಟು ದಾಟುವ ಮೊದಲೇ ತಿಂದು ಮುಗಿಸುತ್ತಿದ್ದರು. ನಾನು ಮಾತ್ರ ವಾಚೆಂದರೆ ವಾಚು ಎಂದು ಕಟ್ಟಿಕೊಂಡೇ ತರಗತಿಯಲ್ಲಿ ಕೂರುತ್ತಿದ್ದೆ. ಒಂದು ದಿನ ಬಾಯಿ, ಅಂದರೆ ನಮ್ಮ ಟೀಚರು, ನಗುತ್ತಾ ಗಂಟೆ ಎಷ್ಟಾಯಿತೆಂದು ನನ್ನನ್ನೇ ಕೇಳಿದರು. ನೋಡುತ್ತೇನೆ, ಬೆವರಿಗೆ ಕರಗಿ ವಾಚು ಮೊಣಕೈಯವರೆಗೆ ಇಳಿದಿದೆ. ಅಂದಿನಿಂದ ಸಕ್ಕರೆಗೂ ನಮ್ಮ ಊರಿನ ಹವೆಗೂ ಆಗಿಬರುವುದಿಲ್ಲವೆಂದು ನನಗೆ ಗೊತ್ತು. ಗೊತ್ತಿದ್ದೂ ಹೋದ ಅಕ್ಟೋಬರಿನಲ್ಲಿ ಸಿಕ್ಕಿಬಿದ್ದೆ.

ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಪ್ರತಿ ವರ್ಷ ಮಕ್ಕಳ ಆನಂದ ಮೇಳಾವಾ ಆಗುತ್ತದೆ. ಮಕ್ಕಳೇ ತಿಂಡಿ ಮಾಡಿ, ಕೆಳಗೆ ಅಂಗಳದಲ್ಲಿ ಮೇಜು ಹಾಕಿ ಮಾರುವ ಒಂದು ಸಂಜೆ. ಹೆಸರು ಮಕ್ಕಳದು, ಬೆವರು ತಾಯಂದಿರದು. ಹತ್ತು ಮೇಜು ಇದ್ದರೆ ಏಳರಲ್ಲಿ ಭೇಲ್. ಎಂಟನೇ ಕ್ಲಾಸಿನ ಮೈತ್ರಿಗೆ ಭೇಲ್ ಎಂದರೆ ಅವಮಾನ.

"ಅಮ್ಮಾ, ಮೈ ಕ್ಯಾಂಡಿ ಆ್ಯಪಲ್ ಕರ್ ರಹೀ ಹೂಂ. ಡನ್."

"ಎಂತದದು?"

"ಸೇಬ್ ಮೆ ಸ್ಟಿಕ್ ಲಗಾನೇಕಾ, ಲಾಲ್ ಚಾಶ್ನಿ ಮೆ ಡುಬಾನೇಕಾ, ಬಸ್." ಮೊಬೈಲಿನಲ್ಲಿ ವಿಡಿಯೋ ತೋರಿಸಿದಳು. ಕಡ್ಡಿ ಚುಚ್ಚಿದ ಸೇಬು ಕೆಂಪು ಪಾಕದಲ್ಲಿ ಮುಳುಗಿ, ಎದ್ದು, ಹೊಳೆಯುತ್ತಾ ನಿಂತಿತು. ಕಚ್ಚಿದರೆ ಕಟಕ್ಕೆಂದು ಸದ್ದು. ಮೈತ್ರಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ನಮ್ಮಲ್ಲಿ ಎಲ್ಲ ಮಕ್ಕಳೂ ಹೀಗೆಯೇ.

"ಪಾಕ ಯಾರು ಮಾಡುದು?" ಎಂದೆ.

"ಅಜ್ಜ ಹೈ ನಾ." ಅಜ್ಜ ಇದ್ದಾರಲ್ಲ ಎಂದು.

ಅಷ್ಟಕ್ಕೆ ನಿಲ್ಲಿಸಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮಾರನೆಯ ದಿನ ಲಿಫ್ಟಿನ ಬಾಗಿಲಿಗೆ ಒಂದು ಬಣ್ಣದ ಕಾಗದ ಅಂಟಿತ್ತು. ಮರಾಠಿಯಲ್ಲಿ, ದೊಡ್ಡ ಅಕ್ಷರಗಳಲ್ಲಿ: ಮಿಠಾಯಿ ಮಾಸ್ಟರ್ ಆಜೋಬಾ, ಅಂದರೆ ಅಜ್ಜ, ಎಲ್ಲರ ಎದುರು ಸ್ವತಃ ಪಾಕ ಮಾಡಿ ತೋರಿಸಲಿದ್ದಾರೆ, ಭಾನುವಾರ ಸಂಜೆ ಐದಕ್ಕೆ, ತಪ್ಪದೆ ಬನ್ನಿ. ಪಕ್ಕದಲ್ಲಿ ಟೊಪ್ಪಿ ಹಾಕಿದ ಅಜ್ಜನ ಚಿತ್ರ. ನಮ್ಮ ಮಾವ ಹುಟ್ಟಿದಂದಿನಿಂದ ಟೊಪ್ಪಿ ಹಾಕಿದವರಲ್ಲ.

ಆ ದಿನ ಮಾವ ಹಾಲು ತರಲು ಕೆಳಗೆ ಹೋದವರು ತುಂಬ ಹೊತ್ತು ಬರಲಿಲ್ಲ. ಬಂದದ್ದು ಮೆಟ್ಟಿಲು ಹತ್ತಿಕೊಂಡು. ಮಂಡಿನೋವಿನ ಮನುಷ್ಯ, ಮೂರು ಮಹಡಿ. ಲಿಫ್ಟು ಕೆಟ್ಟಿತಾ ಎಂದು ಕೇಳಿದರೆ, "ಇಲ್ಲ, ಕಾಲಿಗೆ ವ್ಯಾಯಾಮ" ಎಂದರು. ನನಗೆ ಆಗಲೇ ಹೊಳೆಯಬೇಕಿತ್ತು.

ರಾತ್ರಿ ಊಟಕ್ಕೆ ಕುಳಿತಾಗ ನನ್ನ ಗಂಡ ಉತ್ಸಾಹ ತೋರಿಸಿದರು. ಅವರು ರಬಾಳೆಯ ಒಂದು ಬಣ್ಣದ ಕಂಪನಿಯ ಲ್ಯಾಬಿನಲ್ಲಿದ್ದಾರೆ. "ಗಟ್ಟಿ ಪಾಕ ಅಂದ್ರೆ ನೂರೈವತ್ತು ಡಿಗ್ರಿ ಬೇಕು. ನಾನು ಥರ್ಮಾಮೀಟರ್ ತರ್ತೇನೆ" ಎಂದರು.

ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ. "ಯಾಕೆ, ಪಾಕಕ್ಕೆ ಜ್ವರ ಬಂದಿದೆಯಾ?"

ಎಲ್ಲರೂ ನಕ್ಕರು. ಮಾಸ್ಟರೆಂದರೆ ಹೀಗಿರಬೇಕೆಂದು ನಾನೂ ನಕ್ಕೆ. ಯಾವ್ಯಾವ ರಸಾಯನದಲ್ಲಿ ಅದ್ದಿದ ಥರ್ಮಾಮೀಟರೋ ಎಂಬ ಅಳುಕು ನನಗೂ ಇತ್ತು. ಅದು ಬರಲಿಲ್ಲ.

ಶನಿವಾರ ಮಧ್ಯಾಹ್ನ ಮೈತ್ರಿ ಟ್ಯೂಷನ್ನಿಗೆ ಹೋದ ಮೇಲೆ ಒಂದು ತಾಲೀಮು ಮಾಡೋಣವೆಂದು ಚಿಕ್ಕ ಚಿಕ್ಕ ಶಿಮ್ಲಾ ಸೇಬುಗಳನ್ನು ತೊಳೆದಿಟ್ಟೆ. ಮಾವ ವಾಡಿಕೆಯಂತೆ ಬಾಗಿಲಲ್ಲಿ, ಕೈಗಳು ಬೆನ್ನ ಹಿಂದೆ.

"ಮಾವ, ನಾಳೆ ನೀವೇ ಮಾಡ್ಬೇಕಲ್ಲ. ಇವತ್ತು ಒಮ್ಮೆ ಕೈಯಾಡಿಸಿ" ಎಂದು ಸೌಟು ಕೊಟ್ಟೆ.

ಅವರು ಅದನ್ನು ಬೇರೆಯವರ ಕೂಸನ್ನು ಹಿಡಿದ ಹಾಗೆ ಹಿಡಿದುಕೊಂಡರು. ಸ್ವಲ್ಪ ಹೊತ್ತು ಸೌಟನ್ನೂ, ಸ್ವಲ್ಪ ಹೊತ್ತು ಸೇಬನ್ನೂ ನೋಡಿ, "ಮೊದಲು ತುಪ್ಪ ಸವರು" ಎಂದರು.

"ತಟ್ಟೆಗಾ?"

"ಸೇಬಿಗೆ."

"ಸೇಬಿಗಾ ಮಾವ?"

"ಪಾಕದ ಕೆಲಸಕ್ಕೆ ಮೊದಲು ತುಪ್ಪ ಸವರಬೇಕು. ಹೋಟೆಲಿನ ಕ್ರಮ ಅದು."

ಹೋಟೆಲಿನ ಕ್ರಮವೆಂದ ಮೇಲೆ ಮಾತುಂಟೇ. ಆರು ಸೇಬುಗಳಿಗೂ ತುಪ್ಪ ತಿಕ್ಕಿದೆ. ನರಕ ಚತುರ್ದಶಿಯ ಬೆಳಿಗ್ಗೆ ಎಣ್ಣೆ ಹಚ್ಚಿಸಿಕೊಂಡು ಬಿಸಿನೀರಿಗೆ ಕಾಯುವ ಮಕ್ಕಳ ಹಾಗೆ ಅವು ಸಾಲಾಗಿ ಹೊಳೆಯುತ್ತಾ ನಿಂತವು. ಸಕ್ಕರೆ, ನೀರು, ನಾಲ್ಕು ಹನಿ ಲಿಂಬೆರಸ, ಕೆಂಪು ಬಣ್ಣ. ಪಾಕ ಕುದಿಯಿತು. ತಣ್ಣೀರಿಗೆ ಬಿಟ್ಟ ಹನಿ ಗಾಜಿನಂತೆ ಮುರಿಯಿತು. ಮೊದಲ ಸೇಬನ್ನು ಅದ್ದಿ ಎತ್ತಿದೆ.

ಜಾರುಬಂಡೆಯ ಮೇಲಿನ ಮಗುವಿನ ಹಾಗೆ ಪಾಕ ಸರ್ರನೆ ಇಳಿಯಿತು. ಇಳಿದದ್ದು ಸೇಬಿನ ಬುಡದಲ್ಲಿ ಕೆಂಪು ತಟ್ಟೆಯಾಗಿ ಕುಳಿತಿತು. ಸೇಬು ಮೊದಲಿಗಿಂತಲೂ ಶುಭ್ರವಾಗಿ, ಈಗಷ್ಟೇ ಮಿಂದು ಬಂದಂತಿತ್ತು.

"ಸೇಬು ಸರಿ ಇಲ್ಲ" ಎಂದರು ಮಾವ.

ಎರಡನೆಯದೂ ಹಾಗೆಯೇ ಆಯಿತು. "ಒಲೆ ಸರಿ ಇಲ್ಲ."

ಮೂರನೆಯದು ಬೋಳಾದಾಗ ಅವರು ಸೌಟನ್ನು ಮೆಲ್ಲಗೆ ಕೆಳಗಿಟ್ಟು ಸ್ಟೂಲಿನ ಮೇಲೆ ಕುಳಿತರು. ನಾನು ಒಲೆ ಆರಿಸಿದೆ.

"ನಾನು ಪಾಕ ಮಾಡಿದವ ಅಲ್ಲ ಮಗಾ."

"ಹಾಗಾದ್ರೆ ಲಾಡು ಮಾಡ್ತಿದ್ದದ್ದಾ?"

"ಪಾರ್ಸೆಲ್."

"ಎಂತ?"

"ಪಾರ್ಸೆಲ್ ಕಟ್ಟುವವ. ಸೇರಿದ ದಿನದಿಂದ ಬಿಟ್ಟ ದಿನದವರೆಗೆ ಪಾರ್ಸೆಲ್ ಕೌಂಟರು. ಒಳಗೆ ಮಿಠಾಯಿಯವರು ತುಪ್ಪದ ಪಾತ್ರೆ ತೆಗೆಯುದು ಕಾಣ್ತಿತ್ತು. ಎಂತದಕ್ಕೆ ಸವರ್ತಾರೆ ಅಂತ ಕಾಣ್ತಿರ್ಲಿಲ್ಲ. ನಡುವೆ ಗೋಡೆ ಇತ್ತು."

ನಗು ಬಂತು. ಆದರೆ ಅವರ ಮುಖ ನೋಡಿ ಗಂಟಲಲ್ಲೇ ಹಿಡಿದೆ.

"ಹೆಣ್ಣು ನೋಡ್ಲಿಕ್ಕೆ ಹೋದಾಗ ನನ್ನ ಅಣ್ಣ ಹೇಳಿಬಿಟ್ಟ, ಹುಡುಗ ಮಿಠಾಯಿ ಮಾಸ್ಟರ್ ಅಂತ. ದಾರ ಕಟ್ಟುವವನಿಗೆ ಯಾರು ಹೆಣ್ಣು ಕೊಡ್ತಾರೆ ಅಂತ ಅವನ ಹೆದರಿಕೆ. ನಾನು ಬಾಯಿ ಮುಚ್ಚಿ ಕೂತೆ."

"ಅತ್ತೆಗೆ ಗೊತ್ತಿತ್ತಾ?"

ಅತ್ತೆ ತೀರಿಕೊಂಡು ಆರು ವರ್ಷವಾಯಿತು. ಅವರ ಹೆಸರು ಬಂದರೆ ಮಾವನ ದನಿ ಈಗಲೂ ಸ್ವಲ್ಪ ತಗ್ಗುತ್ತದೆ.

"ಮೊದಲ ದೀಪಾವಳಿಗೇ ಗೊತ್ತಾಯ್ತು. ಅವಳ ಅಪ್ಪ ಬಂದಿದ್ರು, ಅಳಿಯನ ಕೈಯ ಮೈಸೂರುಪಾಕ್ ತಿನ್ಲಿಕ್ಕೆ. ನಾನು ಒಲೆ ಎದುರು ಬೆವರ್ತಾ ನಿಂತಿದ್ದೆ. ಅವಳು ಬಂದವಳು ನನ್ನ ಕೈಯಿಂದ ಸೌಟು ತಕ್ಕೊಂಡು ಮೆಲ್ಲ ಹೇಳಿದ್ಲು, ನೀವು ಬಾಗಿಲಲ್ಲಿ ನಿಂತು ಏನಾದ್ರೂ ತಪ್ಪು ಹೇಳ್ತಾ ಇರಿ, ತಪ್ಪು ಹೇಳುವವನನ್ನು ಯಾರೂ ಪರೀಕ್ಷೆ ಮಾಡುದಿಲ್ಲ ಅಂತ."

ನಾನು ಗೋಡೆಗೆ ಒರಗಿದೆ. ಇಪ್ಪತ್ತೆರಡು ದೀಪಾವಳಿಗಳು ಕಣ್ಣ ಮುಂದೆ ಸಾಲಾಗಿ ಹೋದವು. ಏರಿದ ಗಳಿಗೆ, ಇಳಿದ ಗಳಿಗೆ, ಬಚ್ಚಲಿನ ನಲ್ಲಿ.

"ಹಾಗಾದ್ರೆ ನನ್ನ ಮೈಸೂರುಪಾಕ್?"

"ಒಳ್ಳೆದೇ ಇರ್ತಿತ್ತು." ಮಾವ ನೆಲ ನೋಡುತ್ತಾ ಹೇಳಿದರು. "ಅವಳದ್ದಕ್ಕಿಂತ ಚೂರು ಮೇಲೆಯೇ. ಅವಳಿರುವಾಗ ಹಾಗೆ ಹೇಳ್ಲಿಕ್ಕೆ ಧೈರ್ಯ ಇರ್ಲಿಲ್ಲ. ಆಮೇಲೆ ತಪ್ಪು ಹೇಳಿ ಹೇಳಿ ಬಾಯಿಗೆ ಅದೇ ಅಭ್ಯಾಸ ಆಯ್ತು."

ಸಿಟ್ಟು ಮಾಡಬೇಕೆಂದು ಹೊರಟಿದ್ದೆ. ಈ ಮಾತಿನ ಮೇಲೆ ಹೇಗೆ ಮಾಡುವುದು ಹೇಳಿ. ಜೀವಮಾನದಲ್ಲಿ ಸಿಕ್ಕ ಒಂದೇ ಸರ್ಟಿಫಿಕೇಟು, ಅದೂ ಪಾರ್ಸೆಲ್ ಕೌಂಟರಿನಿಂದ.

"ನಾಳೆ ಮಗು ಎಲ್ಲರ ಎದುರು ನಿಲ್ಲಿಸ್ತಾಳೆ" ಎಂದರು. "ನನ್ನ ಮರ್ಯಾದೆ ಹೋದ್ರೆ ಹೋಗ್ಲಿ, ಅಲ್ಲಿ ಬೋರ್ಡು ಬರೆದವಳು ಅವಳು. ಅವಳಿಗೆ ಹೇಳ್ಬೇಡ."

ಹೇಳಿಬಿಡುವುದೇ ಸುಲಭವೆಂದು ನನಗೆ ಒಂದು ಕ್ಷಣ ಅನ್ನಿಸಿತು. ಮೈತ್ರಿ ನಕ್ಕು ಮರೆಯುತ್ತಿದ್ದಳು. ಆದರೆ ಲಿಫ್ಟಿನ ಆ ಕಾಗದ ತಪ್ಪಿಸಲು ಮೂರು ಮಹಡಿ ಮೆಟ್ಟಿಲು ಹತ್ತಿ ಬಂದ ಆ ಮಂಡಿಗಳು ಮರೆಯುತ್ತಿರಲಿಲ್ಲ.

ಉಳಿದ ಸೇಬುಗಳ ತುಪ್ಪವನ್ನು ಬಿಸಿನೀರಿನಲ್ಲಿ ತೊಳೆದೆ. ಅಂಗಡಿಯವರು ಹಚ್ಚುವ ಮೇಣವೂ ಅದರ ಜತೆ ಹೋಯಿತು. ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ತುಪ್ಪವನ್ನು ಅದು ಸಲ್ಲಬೇಕಾದ ತಟ್ಟೆಗೆ ಸವರಿದೆ. ಪಾಕ ಮತ್ತೆ ಕಾಯಿತು. ಈ ಸಲ ಸೇಬು ಕೆಂಪು ಅಂಗಿ ತೊಟ್ಟು ಎದ್ದು ಬಂತು, ಅಂಗಿ ಬಿಡಲಿಲ್ಲ. ನಾವಿಬ್ಬರೂ ಒಂದನ್ನು ಹಂಚಿಕೊಂಡು ಕಟಕ್ಕೆಂದು ಕಚ್ಚಿದೆವು. ಮಾವನ ಹಲ್ಲುಸೆಟ್ಟು ಸ್ವಲ್ಪ ಅಲುಗಾಡಿತು, ಆದರೆ ಸಹಿಸಿಕೊಂಡಿತು.

ಸಂತೋಷ ಅರ್ಧ ಗಂಟೆ ಉಳಿಯಿತು. ಅಷ್ಟರಲ್ಲಿ ಅಕ್ಟೋಬರಿನ ಸೆಕೆ ತನ್ನ ಕೆಲಸ ಶುರು ಮಾಡಿತು. ಗಾಜಿನಂತಿದ್ದ ಪಾಕದ ಮೇಲೆ ಬೆವರು ಮೂಡಿತು, ಮುಟ್ಟಿದರೆ ಕೈಗೆ ಬರತೊಡಗಿತು. ಮೊಣಕೈಗಿಳಿದ ನನ್ನ ವಾಚು ನೆನಪಾಯಿತು. ಇನ್ನು ಭೇಲ್ ಮಾಡುವುದೇ ಗತಿ ಎಂದುಕೊಂಡೆ.

ಮಾವ ಸೇಬನ್ನು ಕಡ್ಡಿಯಲ್ಲಿ ಎತ್ತಿ ತಿರುಗಿಸಿ ನೋಡಿದರು. "ಇದಕ್ಕೆ ಗಾಳಿ ತಾಗ್ಬಾರ್ದು, ಅಲ್ವಾ?"

"ಹೌದು."

"ಅಷ್ಟೇ ಅಲ್ವಾ?"

ಎದ್ದು ಹೋಗಿ ಡ್ರಾಯರಿನಿಂದ ದಾರದ ಉಂಡೆ ತಂದರು. ಮೈತ್ರಿ ಮೇಜಿನ ಅಲಂಕಾರಕ್ಕೆಂದು ತಂದಿಟ್ಟಿದ್ದ ಪಾರದರ್ಶಕ ಜಿಲೇಟಿನ್ ಕಾಗದದಿಂದ ಒಂದು ಚೌಕ ಕತ್ತರಿಸಿದರು. ಮಧ್ಯದಲ್ಲಿ ಸೇಬು, ನಾಲ್ಕು ಮೂಲೆಗಳು ಮೇಲೆ, ಒಂದು ತಿರುವು. ಎಡಗೈ ಕಡ್ಡಿಯನ್ನು ಹಿಡಿದಿತ್ತು. ಬಲಗೈ ಏನು ಮಾಡಿತೆಂದು ನನಗೆ ಕಾಣಲಿಲ್ಲ. ದಾರ ಮೂರು ಸುತ್ತು ಬಂತು, ಎಲ್ಲೋ ಒಳಗೆ ಹೋಯಿತು, ಹೆಬ್ಬೆರಳ ಉಗುರಿಗೆ ತಾಗಿ ಟಕ್ಕೆಂದು ಕಡಿಯಿತು. ಬೆಳಿಗ್ಗೆ ಅಂಗಿಯ ಗುಂಡಿ ಹಾಕಲು ಹತ್ತು ನಿಮಿಷ ತೆಗೆದುಕೊಳ್ಳುವ ಬೆರಳುಗಳು ಅವು.

"ಎಳೆ" ಎಂದರು. ದಾರದ ತುದಿ ಎಳೆದೆ. ಒಂದೇ ಎಳೆತಕ್ಕೆ ಗಂಟು ಬಿಚ್ಚಿಕೊಂಡಿತು.

"ಬಿಸಿ ಸಾಂಬಾರು ಥಾಣೆ ಸ್ಟೇಷನ್ನಿಂದ ಕಲ್ಯಾಣದವರೆಗೆ ಜನದ ನಡುವೆ ಹೋಗ್ಬೇಕು, ಒಂದು ಹನಿ ಚೆಲ್ಬಾರ್ದು. ಮನೆ ಮುಟ್ಟಿದ ಮೇಲೆ ಮಕ್ಕಳಿಗೂ ಬಿಚ್ಚಲಿಕ್ಕೆ ಬರಬೇಕು. ಗಂಟು ಹಾಕುದು ಯಾರಿಗೂ ಬರ್ತದೆ. ಬಿಚ್ಚುವ ಗಂಟು ಹಾಕುದು ಕೆಲಸ." ಇಷ್ಟು ಹೇಳಿ ಇನ್ನೊಂದು ಚೌಕ ಕತ್ತರಿಸಿದರು. ನಮ್ಮ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷದಲ್ಲಿ ಆ ಕೈಗಳು ಬೆನ್ನ ಹಿಂದಿನಿಂದ ಬಂದು ತಮ್ಮದೇ ಕೆಲಸ ಮಾಡಿದ್ದನ್ನು ನಾನು ಅಂದೇ ನೋಡಿದ್ದು.

ಭಾನುವಾರ ಐದು ಗಂಟೆಗೆ ನಮ್ಮ ಮೇಜಿನ ಸುತ್ತ ಭೇಲಿನವರೂ ಬಂದು ನಿಂತರು. ಇಂಡಕ್ಷನ್ ಒಲೆ, ಪಾತ್ರೆ, ಸೇಬಿನ ಸಾಲು. ಮೈತ್ರಿ ಅಜ್ಜನ ತಲೆಗೆ ಕಾಗದದ ಟೊಪ್ಪಿ ಇಟ್ಟಿದ್ದಳು. ಎರಡನೇ ಮಹಡಿಯ ಕಾಕು, ಎಲ್ಲರೂ ಚಿಕ್ಕಮ್ಮನೆಂದು ಕರೆಯುವ ಮರಾಠಿ ಹೆಂಗಸು, ಮೊಬೈಲ್ ಹಿಡಿದು, "ಆಜೋಬಾ, ಸುರೂ ಕರಾ" ಎಂದು ಶುರು ಮಾಡಲು ಹೇಳಿದರು.

ಮಾವ ನನ್ನತ್ತ ನೋಡಿದರು. ಟೊಪ್ಪಿಯ ಅಂಚಿನಿಂದ ಬೆವರು ಇಳಿಯುತ್ತಿತ್ತು. ಎಷ್ಟೋ ವರ್ಷಗಳ ಹಿಂದೆ ಅತ್ತೆ ನೋಡಿದ ಬೆವರು ಇದೇ ಇರಬೇಕು. ನಾನು ಮುಂದೆ ಹೋಗಿ ಅವರ ಕೈಯಿಂದ ಸೌಟು ತೆಗೆದುಕೊಂಡೆ, ಮಂಡಿನೋವಿನವರು ನಿಂತು ಮಾಡಲಾರರೆಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಆಮೇಲೆ ಅವರಿಗೆ ಮಾತ್ರ ಕೇಳುವಂತೆ ಹೇಳಿದೆ:

"ಮಾವ, ಏನಾದ್ರೂ ತಪ್ಪು ಹೇಳ್ತಾ ಇರಿ."

ಅವರ ಎರಡೂ ಕೈಗಳು ತಾವಾಗಿ ಬೆನ್ನ ಹಿಂದೆ ಹೋದವು. ಗಂಟಲು ಸರಿಪಡಿಸಿಕೊಂಡರು.

"ಉರಿ ಜಾಸ್ತಿ ಆಯ್ತು."

ನಾನು ಉರಿ ತಗ್ಗಿಸಿದೆ.

"ಈಗ ಕಮ್ಮಿ ಆಯ್ತು."

"ಬಘಾ, ಖರೇ ಮಾಸ್ಟರ್ ಆಹೇತ" ಎಂದರು ಕಾಕು, ನಿಜವಾದ ಮಾಸ್ಟರೇ ಸರಿ ಎಂದು. ನಾನು ತಲೆ ತಗ್ಗಿಸಿ ಪಾಕ ನೋಡುತ್ತಾ ನಿಂತೆ, ತುಟಿ ಕಚ್ಚಿಕೊಂಡು. ಪಾಕವಿಳಿಸುವಾಗ ಒಂದು ಗಳಿಗೆ ಏರಿತೆಂದೂ ಅಪ್ಪಣೆಯಾಯಿತು. ಜೀವಮಾನದಲ್ಲಿ ಮೊದಲ ಸಲ ಆ ಮಾತು ಕಿವಿಗೆ ಸಿಹಿಯಾಗಿತ್ತು.

ಸೇಬುಗಳು ಆರಿದ ಮೇಲೆ ಮಾವ ಕುರ್ಚಿಯಲ್ಲಿ ಕುಳಿತು ಕಟ್ಟತೊಡಗಿದರು. ಆಗ ಒಂದು ವಿಚಿತ್ರ ನಡೆಯಿತು. ನನ್ನ ಪಾಕವನ್ನು ನೋಡುತ್ತಿದ್ದ ಮೊಬೈಲುಗಳೆಲ್ಲ ಒಂದೊಂದಾಗಿ ಆ ಕಡೆ ತಿರುಗಿದವು. ಚೌಕ, ತಿರುವು, ಮೂರು ಸುತ್ತು, ಟಕ್. ಮಕ್ಕಳು ಕೊಂಡದ್ದನ್ನು ಎಳೆದು ಬಿಚ್ಚಿ, ಇನ್ನೊಮ್ಮೆ ಕಟ್ಟಿಕೊಡಿ ಎಂದು ಮತ್ತೆ ಸಾಲಿಗೆ ನಿಂತರು. ಮೈತ್ರಿ ಮಾರುವುದನ್ನು ಬಿಟ್ಟು ಅಜ್ಜನ ಬೆರಳುಗಳನ್ನೇ ನೋಡುತ್ತಿದ್ದಳು.

"ಅಜ್ಜ, ಯೇ ಕಹಾಂ ಸೀಖಾ?"

ಎಲ್ಲಿ ಕಲಿತಿರಿ ಎಂಬ ಪ್ರಶ್ನೆಗೆ ಮಾವನ ಕೈ ನಿಂತಿತು. ಅವರು ನನ್ನತ್ತ ನೋಡಲಿಲ್ಲ. ಸೇಬನ್ನು ನೋಡುತ್ತಾ ಹೇಳಿದರು, "ಪಾರ್ಸೆಲ್ ಕೌಂಟರಿನಲ್ಲಿ."

"ಆಪ್ ತೋ ಮಿಠಾಯಿ ಮೆ ಥೇ ನಾ?" ಮಿಠಾಯಿಯಲ್ಲಿದ್ದವರಲ್ಲವೇ ಎಂದು ಅವಳ ಅನುಮಾನ.

"ಮಾಸ್ಟರ್ ಅಂದ್ಮೇಲೆ ಎಲ್ಲ ಬರಬೇಕು ಮಗಾ. ಬಾ, ಹಿಡಿ ದಾರ."

ಅರ್ಧ ನಿಜವಾದರೂ ಹೊರಬಿತ್ತಲ್ಲ. ಆ ಸಂಜೆ ಮೈತ್ರಿ ಬಿಚ್ಚುವ ಗಂಟು ಕಲಿತಳು. ಈಗ ನಮ್ಮ ಮನೆಯಲ್ಲಿ ದಾರ ಎಸೆಯಲು ಬಿಡದವರು ಇಬ್ಬರಾಗಿದ್ದಾರೆ.

ಇಷ್ಟೆಲ್ಲ ಬರೆದ ಮೇಲೆ, ಗುಟ್ಟು ರಟ್ಟಾಯಿತಲ್ಲ ಎಂದು ನೀವು ಕೇಳಬಹುದು. ನನಗೂ ಅದೇ ಅಳುಕು. ನಿನ್ನೆ ಮಾವನನ್ನು ಕೂರಿಸಿಕೊಂಡು ಪೂರ್ತಿ ಓದಿ ಹೇಳಿ, ಅಚ್ಚಿಗೆ ಕೊಡಲೋ ಬೇಡವೋ ಎಂದು ಕೇಳಿದೆ.

"ಕನ್ನಡದಲ್ಲಿ ಅಲ್ವಾ?" ಎಂದರು. "ನಮ್ಮ ಮನೆಯಲ್ಲಿ ಓದುವವರು ನಾನು, ನೀನು ಇಬ್ಬರೇ. ಕೊಡು."

ನಿಜವೇ. ಮಗಳಿಗೆ ಅಕ್ಷರ ಬರುವುದಿಲ್ಲ, ಗಂಡನಿಗೆ ಬಸ್ಸಿನ ಬೋರ್ಡಿನಷ್ಟು ಮಾತ್ರ. ಓದುವ ನಿಮ್ಮ ಬಾಯಿಗೆ ನಾನು ಬಿಚ್ಚುವ ಗಂಟು ಹಾಕಿದ್ದೇನೆ, ನೀವಾಗಿ ಎಳೆಯಬೇಡಿ.

ಮಾವ ಎದ್ದು ಬಾಗಿಲವರೆಗೆ ಹೋದವರು ತಿರುಗಿ ನಿಂತರು. ಕೈಗಳು ಬೆನ್ನ ಹಿಂದೆ.

"ಬರೆದದ್ದು ಸರಿ ಉಂಟು. ಆದ್ರೆ ಒಂದು ಗಳಿಗೆ ಮೊದಲೇ ಇಳಿಸಬಹುದಿತ್ತು."

ಇಳಿಸಿದೆ, ಮಾವ.